ಚಿಗರಿ ಬಸ್ಸಿನ್ಯಾಗ ಒಬ್ಬನ ಹೋಗೂದು

ಅಕ್ಕಾರ, ಬುದ್ಧಿ ಬೆಳವಣಿಗಿ ನಿಧಾನ ಇರೋ 17 ವರ್ಷದ ಮಗಗ ಹುಬ್ಬಳ್ಳಿ ನವನಗರದಿಂದ ಧಾರವಾಡಕ್ಕ ಚಿಗರಿಯೊಳಗ, ಅಂದ್ರ ಹುಬ್ಬಳ್ಳಿ-ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್ಸಿನ್ಯಾಗ, ಒಬ್ಬನ ಹೋಗೂದು ಹ್ಯಾಂಗ ಕಲಿಸೂದಂತ ಕೇಳೀರಿ. ಕಡೀ ಹೆಜ್ಜೆಯಿಂದ ಶುರು ಮಾಡ್ರಿ. ಮೊದಲ ಎಲ್ಲಾ ನೀವ ಮಾಡಿ, ಇಳಿಯೂ ನಿಲ್ದಾಣ ಗುರುತು ಹಿಡಿಯೂದಷ್ಟ ಅವಗ ಬಿಡ್ರಿ. ಅದು ಐದು ಸಲ ತಪ್ಪದ ಆದಮ್ಯಾಲ ಬಸ್ ಹತ್ತೂದು, ಆಮ್ಯಾಲ ನಿಲ್ದಾಣದ ಗೇಟಿಗೆ ಟಿಕೆಟ್ ತೋರಿಸಿ ಒಳಗ ಹೋಗೂದು, ಕಡೀಕ ಟಿಕೆಟ್ ಕೌಂಟರ್. ಟಿಕೆಟ್ ಮುದ್ದಿ ಮಾಡಿ ಕಿಸೇದಾಗ ತುರುಕಿದ್ರ ಅದರ ಮ್ಯಾಲಿನ ಕ್ಯೂಆರ್ ಕೋಡ್ ಗೇಟು ಓದೂದಿಲ್ಲ, ಗಾಬರಿ ಅಲ್ಲೇ ಶುರು. ಟಿಕೆಟ್ ಇಡಾಕ ಕೊರಳಾಗ ಪ್ಲಾಸ್ಟಿಕ್ ಕಾರ್ಡ್ ಕವರ್ ಹಾಕ್ರಿ.

“ಇಳಿ ಈಗ” ಅಂತ ಬಾಯಿಲೆ ಹೇಳಬ್ಯಾಡ್ರಿ. ಅಂವ ನಿಲ್ದಾಣದ ಹೆಸರಿನ ಬೋರ್ಡ್ ನೋಡೂದು ಬಿಟ್ಟು ನಿಮ್ಮ ದನೀಗೆ ಕಾಯ್ತಾನ. ಸುಮ್ಮನ ಬೋರ್ಡಿಗೆ ಬೆರಳ ತೋರಸ್ರಿ. ಒಮ್ಮೆ ಬೇಕಂತಲೇ ನಿಲ್ದಾಣ ದಾಟಿಸಿ, ಮುಂದಿನದ್ರಾಗ ಇಳಿದು ಫೋನ್ ಹಚ್ಚೂದೂ ಕಲಿಸ್ರಿ.

ಹಾಂ, ಅವಗ 18 ತುಂಬಿದ್ರ ಕಾನೂನಿನ ಪಾಲಕತ್ವಕ್ಕ, ಅಂದ್ರ ಅವನ ಪರವಾಗಿ ನಿರ್ಧಾರ ತಗೊಳ್ಳೂ ಹಕ್ಕಿಗೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕಾಗ್ತೈತಿ. ಡಿಸಿ ಆಫೀಸಿನ್ಯಾಗ ಕೇಳ್ರಿ.