ಸಸಿಮಡಿಗೆ ಟ್ರೈಕೋಡರ್ಮಾ: ಮೊದಲು ಗೊಬ್ಬರ ಮಾಗಲಿ

ಪ್ರಶ್ನೆ: ನಮ್ಮದು ತುಂಗಭದ್ರಾ ಕಾಲುವೆಯ ಎರೆ ಹೊಲ. ಜೂನ್‌ನಲ್ಲಿ ಮೆಣಸಿನಕಾಯಿ ಅಗಿ (ಸಸಿ) ಹಾಕಿದ್ದೆ. ಚೆನ್ನಾಗಿ ಹುಟ್ಟಿದ ಅಗಿ ಹತ್ತನೆಯ ದಿನಕ್ಕೆ ಗುಂಪುಗುಂಪಾಗಿ ನೆಲಕ್ಕೆ ಬಿತ್ತು. ಬಿತ್ತುವ ದಿನ ಮಡಿಗೆ ತಿಪ್ಪೆಯಿಂದ ತಂದ ಹಸಿ ಗೊಬ್ಬರ ಹಾಕಿ, ಅದರ ಮೇಲೆ ರೋಗಾಣುಗಳನ್ನು ತಡೆಯುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾದ ಪುಡಿ ಎರಚಿದ್ದೆ. ಅಗಿ ಸಾಯತೊಡಗಿದ ಮೇಲೆ ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕವನ್ನು ಎರಡು ಸಲ ಸುರಿದೆ. ಆದರೂ ನಿಲ್ಲಲಿಲ್ಲ. ಈ ಪುಡಿಯಿಂದ ನಿಜವಾಗಿ ಉಪಯೋಗವಿದೆಯೇ?
– ಓದುಗರು, ಸಿರುಗುಪ್ಪ ತಾಲ್ಲೂಕು

ಉತ್ತರ: ಖಂಡಿತ ಇದೆ. ಆದರೆ ನಿಮ್ಮ ಮಡಿಯಲ್ಲಿ ಅದಕ್ಕೆ ಬದುಕಲು ಅವಕಾಶವೇ ಸಿಗಲಿಲ್ಲ.

ಬಿದ್ದ ಒಂದು ಸಸಿಯನ್ನು ಕಿತ್ತು ನೋಡಿ. ಎಲೆ ಇನ್ನೂ ಹಸಿರಾಗಿದ್ದು, ಮಣ್ಣಿಗೆ ತಾಗುವ ಕುತ್ತಿಗೆಯ ಭಾಗ ಮಾತ್ರ ನೀರಿನಲ್ಲಿ ನೆನೆದಂತಾಗಿ ದಾರದಷ್ಟು ಸಣ್ಣಗಾಗಿದ್ದರೆ ಅದು ಸಸಿ ಕೊಳೆರೋಗ. ಮೋಡ ಕವಿದ ದಿನಗಳಲ್ಲಿ, ನೀರು ಬೇಗ ಬಸಿಯದ ಎರೆ ಮಣ್ಣಿನಲ್ಲಿ, ಹೀಗೆ ತಟ್ಟೆತಟ್ಟೆಯಾಗಿ ಸಸಿ ಮಲಗಲು ಮುಖ್ಯ ಕಾರಣ ಪಿಥಿಯಂ ಎಂಬ ರೋಗಾಣು. ಕೆಲವೊಮ್ಮೆ ರೈಜೋಕ್ಟೋನಿಯಾ ಎಂಬ ಶಿಲೀಂಧ್ರ ಕೂಡ ಜೊತೆಗಿರುತ್ತದೆ. ಪಿಥಿಯಂ ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿದ್ದಲ್ಲ, ಆದ್ದರಿಂದಲೇ ಕಾರ್ಬೆಂಡಾಜಿಮ್‌ಗೆ ಅದು ಜಗ್ಗುವುದಿಲ್ಲ. ಆದರೆ ಅದೇ ಔಷಧಿ ಟ್ರೈಕೋಡರ್ಮಾವನ್ನು ಕೊಂದುಬಿಡುತ್ತದೆ. ರೋಗ ಉಳಿದು ಕಾವಲುಗಾರ ಸತ್ತ ಈ ಪ್ರಸಂಗ ನಿಮ್ಮೊಬ್ಬರದಲ್ಲ. ಈ ಒಂದು ಸಂಗತಿಯನ್ನು ಪ್ರತಿ ಅಂಗಡಿಯಲ್ಲೂ ರೈತರಿಗೆ ತಿಳಿಸಿ ಹೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಎರಡನೆಯ ತೊಡಕು ಹಸಿ ಗೊಬ್ಬರ. ಅರೆಕೊಳೆತ ಸಗಣಿ, ಕಸಕಡ್ಡಿಗಳ ಮೇಲೆ ಪಿಥಿಯಂ ಮತ್ತು ರೈಜೋಕ್ಟೋನಿಯಾ ಚೆನ್ನಾಗಿ ಮೇಯುತ್ತವೆ. ಪೂರ್ತಿ ಮಾಗಿದ ಗೊಬ್ಬರದಲ್ಲಾದರೆ ಅವುಗಳಿಗೆ ಸುಲಭದ ಆಹಾರ ಉಳಿದಿರುವುದಿಲ್ಲ, ಜೊತೆಗೆ ಅಲ್ಲಿ ಆಗಲೇ ನೆಲೆಯೂರಿದ ಸೂಕ್ಷ್ಮಜೀವಿಗಳು ಅವುಗಳನ್ನು ಬೆಳೆಯಗೊಡುವುದಿಲ್ಲ. ಮಾಗಿದ ಗೊಬ್ಬರ ಕಪ್ಪಗಿದ್ದು, ಮೊದಲ ಮಳೆಯ ಮಣ್ಣಿನ ವಾಸನೆ ಕೊಡುತ್ತದೆ. ಗುಡ್ಡೆಯೊಳಗೆ ಕೈ ತೂರಿಸಿದರೆ ಬಿಸಿ ತಾಗುವುದಿಲ್ಲ. ಬಿಸಿ ತಾಗಿದರೆ ಇನ್ನೂ ಕಾಯಿರಿ, ಏಕೆಂದರೆ ಕೊಳೆಯುವ ಗುಡ್ಡೆಯ ಒಳಭಾಗ 55–60 ಡಿಗ್ರಿ ಸೆಲ್ಸಿಯಸ್‌ಗೆ ಏರಬಲ್ಲದು, ಆ ಕಾವಿನಲ್ಲಿ ರೋಗಾಣುಗಳಂತೆಯೇ ಟ್ರೈಕೋಡರ್ಮಾ ಕೂಡ ಉಳಿಯುವುದಿಲ್ಲ.

ಮುಂದಿನ ಸಲ ಬಿತ್ತನೆಗೆ ಮೂರು ವಾರ ಮೊದಲೇ ಸಿದ್ಧತೆ ಮಾಡಿಕೊಳ್ಳಿ. ಮಾಗಿದ ಕೊಟ್ಟಿಗೆ ಗೊಬ್ಬರ 100 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಪುಡಿ 1ರಿಂದ 2 ಕಿಲೋ ಬೆರೆಸಿ, ಮರದ ನೆರಳಿನಲ್ಲಿ ಮೊಣಕಾಲೆತ್ತರದ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆಯಾಗಬೇಕು, ಆದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಐದು ದಿನಕ್ಕೊಮ್ಮೆ ಮಗುಚಿ ಹಾಕಿ. ಹದಿನೈದು ದಿನಗಳಲ್ಲಿ ಗೋಣಿ ಎತ್ತಿ ನೋಡಿದರೆ ಮೊದಲು ಬಿಳಿಯಾಗಿ ಹಬ್ಬಿ ಆಮೇಲೆ ಹಸಿರಿಗೆ ತಿರುಗಿದ ಬೂಷ್ಟು ಕಾಣುತ್ತದೆ. ಇದನ್ನು ಚದರ ಮೀಟರಿಗೆ ಸುಮಾರು 2 ಕಿಲೋದಂತೆ ಮಡಿಯ ಮೇಲ್ಮಣ್ಣಿಗೆ ಸೇರಿಸಿ. ಎರೆ ಮಣ್ಣಿನ ಕ್ಷಾರಗುಣ ಟ್ರೈಕೋಡರ್ಮಾಕ್ಕೆ ಒಗ್ಗುವುದಿಲ್ಲವಾದ್ದರಿಂದ ಬರಿ ಪುಡಿಯನ್ನು ಎರಚುವುದಕ್ಕಿಂತ ಹೀಗೆ ಗೊಬ್ಬರದಲ್ಲಿ ಬೆಳೆಸಿ ಕೊಡುವುದು ನಮ್ಮ ಭಾಗಕ್ಕೆ ಬಹಳ ಮುಖ್ಯ. ಬೀಜಕ್ಕೂ ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ ಪುಡಿ ಲೇಪಿಸಿ. ಟ್ರೈಕೋಡರ್ಮಾ ರೋಗಾಣುವಿನ ಎಳೆಗಳಿಗೆ ಸುತ್ತಿಕೊಂಡು, ಅವುಗಳ ಗೋಡೆಯನ್ನು ಕರಗಿಸಿ ತಿನ್ನುತ್ತದೆ. ಬೇರಿನ ಸುತ್ತಲಿನ ಜಾಗವನ್ನು ತಾನೇ ಮೊದಲು ಹಿಡಿಯುತ್ತದೆ.

ಮಡಿ ಅರ್ಧ ಅಡಿ ಎತ್ತರವಿರಲಿ, ಬೀಜ ತೆಳುವಾಗಿ ಸಾಲಿನಲ್ಲಿ ಬೀಳಲಿ, ನೀರನ್ನು ಬೆಳಿಗ್ಗೆ ರೋಸ್‌ಕ್ಯಾನ್‌ನಿಂದ ಕೊಡಿ. ನಮ್ಮ ಏಪ್ರಿಲ್–ಮೇ ಬಿಸಿಲನ್ನೂ ಬಳಸಿಕೊಳ್ಳಬಹುದು: ಮಡಿಯ ಜಾಗಕ್ಕೆ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು 4–6 ವಾರ ಬಿಟ್ಟರೆ ಮೇಲ್ಮಣ್ಣಿನ ರೋಗಾಣುಗಳು ಬಹಳ ಕಡಿಮೆಯಾಗುತ್ತವೆ. ಗೊಬ್ಬರವನ್ನು ಹಾಳೆ ತೆಗೆದ ಮೇಲೆ ಸೇರಿಸಿ.

ಈಗ ಉಳಿದಿರುವ ಅಗಿಯ ಮಾತು. ಬಿದ್ದ ಸಸಿಗಳನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ನೀರು ಕಡಿಮೆ ಮಾಡಿ, ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಮಿಶ್ರಣವನ್ನು ಲೀಟರಿಗೆ 2 ಗ್ರಾಂನಂತೆ ಬುಡಕ್ಕೆ ಸುರಿಯಿರಿ. ಟ್ರೈಕೋಡರ್ಮಾವನ್ನು ಅದರೊಂದಿಗೆ ಬೆರೆಸಬೇಡಿ. ಎರಡು ವಾರ ಬಿಟ್ಟು, ನಾಟಿಯ ಹೊತ್ತಿಗೆ ಗೊಬ್ಬರದೊಂದಿಗೆ ಕೊಡಿ.

ಪ್ರಶ್ನೆ: ಉಳಿದ ಟ್ರೈಕೋಡರ್ಮಾ ಪೊಟ್ಟಣವನ್ನು ಮುಂದಿನ ವರ್ಷಕ್ಕೆ ಇಡಬಹುದೇ?
– ಓದುಗರು, ಕುಷ್ಟಗಿ

ಉತ್ತರ: ಬೇಡ. ಅದರಲ್ಲಿರುವುದು ಜೀವ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ, ಅದರಲ್ಲೂ ಔಷಧಿ ಡಬ್ಬಿಗಳ ಪಕ್ಕ ಇಟ್ಟ ಪುಡಿ ನೋಡಲು ಹಾಗೆಯೇ ಇದ್ದರೂ ಒಳಗೆ ಸತ್ತಿರುತ್ತದೆ. ಉಳಿದದ್ದನ್ನು ಈಗಲೇ ಮಾಗಿದ ಗೊಬ್ಬರಕ್ಕೆ ಸೇರಿಸಿಬಿಡಿ. ಕೊಳ್ಳುವಾಗ ತಯಾರಿಕೆಯ ದಿನಾಂಕ ನೋಡಿ, ಬೇಕಾದಷ್ಟನ್ನೇ ತನ್ನಿ.