ತಲೆನೋವಿಗೆ ಸೈಕಾಲಜಿಸ್ಟ್ ಹತ್ರ ಯಾಕೆ ಕಳಿಸ್ತಾರೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 38 ವರ್ಷ, ಮನೆ ಡೊಂಬಿವಲಿ, ಕೆಲ್ಸ ಮುಂಬಯಿ ಫೋರ್ಟಲ್ಲಿ. ಮೂರ್ನಾಲ್ಕು ವರ್ಷದಿಂದ ತಲೆನೋವು, ಈಗಂತೂ ಬಾರದೇ ಇರೋ ದಿನವೇ ಕಮ್ಮಿ. ಬೆಳಗ್ಗೆ ಲೋಕಲ್ ಟ್ರೈನ್ ಹತ್ತೋ ಮುಂಚೆನೇ ಒಂದು ಮಾತ್ರೆ ನುಂಗಿರ್ತೀನಿ, ಪರ್ಸಲ್ಲಿ ಸ್ಟ್ರಿಪ್ ಇಲ್ಲ ಅಂದ್ರೆ ಕೈಕಾಲೇ ಆಡಲ್ಲ. ಸ್ಕ್ಯಾನ್ ನಾರ್ಮಲ್. ಈಗ ನ್ಯೂರಾಲಜಿಸ್ಟು ಮಾತ್ರೆ ಕಮ್ಮಿ ಮಾಡಿ, ಸೈಕಾಲಜಿಸ್ಟ್ ಹತ್ರ ರಿಲ್ಯಾಕ್ಸೇಷನ್ ಕಲೀರಿ ಅಂತಿದಾರೆ. ನಮ್ಮತ್ತೆ "ಅಯ್ಯೋ, ತಲೆ ಕೆಟ್ಟಿದೆ ಅಂತ ಬರ್ದುಕೊಟ್ರಾ" ಅಂದ್ರು. ನನ್ನ ನೋವು ಸುಳ್ಳು ಅಂತಾನಾ?
— ಹೆಸರು ಬೇಡ, ಡೊಂಬಿವಲಿ

ಉತ್ತರ: ಅಲ್ಲಮ್ಮ, ನೋವು ನಿಜವೇ. ಈ ಪುಟನ ಅತ್ತೆಯವರಿಗೂ ಓದಿಸಿ.

ಮೊದ್ಲು ಆ ಸ್ಟ್ರಿಪ್ ವಿಷ್ಯ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ್ದನ್ನ ತಿಂಗಳಿಗೆ 15 ದಿನ ಅಥ್ವಾ ಜಾಸ್ತಿ, ಕೆಫೀನ್ ಅದೂ ಇದೂ ಸೇರ್ಸಿರೋ ಮಾತ್ರೆ ಆದ್ರೆ 10 ದಿನಾನೇ ಸಾಕು, ಹೀಗೆ ಮೂರು ತಿಂಗಳ ಮೇಲೆ ನುಂಗ್ತಾ ಹೋದ್ರೆ ಮಾತ್ರೆಯೇ ತಲೆನೋವು ತರ್ಸುತ್ತೆ, ಮೆಡಿಕೇಶನ್ ಓವರ್‌ಯೂಸ್ ಹೆಡೇಕ್ ಅಂತಾರೆ ಇದನ್ನ. ಮಾತ್ರೆ ಪವರ್ ಇಳೀತಿದ್ದ ಹಾಗೆ ನೋವು, ನೋವು ಬಂತು ಅಂತ ಇನ್ನೊಂದು ಮಾತ್ರೆ. ನಿಮ್ದೂ ಇದೇ ಇರ್ಬಹುದು ಅಂತ ನನ್ನ ಡೌಟು. ಬಿಡೋವಾಗ ಒಂದು ವಾರ ಹತ್ತು ದಿನ ನೋವು ಜಾಸ್ತಿನೇ ಆಗುತ್ತೆ, ಅದ್ಕೇ ಹಠ ಮಾಡಿ ನೀವೇ ಎಸೆಯೋಕೆ ಹೋಗ್ಬೇಡಿ, ನ್ಯೂರಾಲಜಿಸ್ಟ್ ಹೇಳಿದ ಲೆಕ್ಕದಲ್ಲೇ ಬಿಡಿ.

ಇನ್ನು ಸೈಕಾಲಜಿಸ್ಟ್ ಕಲಿಸೋ ರಿಲ್ಯಾಕ್ಸೇಷನ್, ಅಂದ್ರೆ ಬಿಗಿದ ಮೈನ ಬೇಕಂತಲೇ ಸಡಿಲ ಬಿಡೋ ಅಭ್ಯಾಸ. ಇದೇನು ಹೊಸ ಫ್ಯಾಶನ್ ಅಲ್ಲ, ಅಮೆರಿಕದ ಡಾಕ್ಟರುಗಳ ಮೈಗ್ರೇನ್ ಗೈಡ್‌ಲೈನಲ್ಲಿ 2000ನೇ ಇಸವಿಲೇ ರಿಲ್ಯಾಕ್ಸೇಷನ್, ಬಯೋಫೀಡ್‌ಬ್ಯಾಕ್, ಸಿಬಿಟಿ (ಯೋಚನೆ, ಅಭ್ಯಾಸ ತಿದ್ದೋ ಮಾತಿನ ಚಿಕಿತ್ಸೆ) ಮೂರೂ ಇದ್ವು, ನಮ್ಮಲ್ಲಿ ಈಗೀಗ ಚೀಟಿಲಿ ಬರೀತಿದಾರೆ ಅಷ್ಟೇ. ಬಯೋಫೀಡ್‌ಬ್ಯಾಕ್ ಅಂದ್ರೆ ಹಣೆಗೆ ಸೆನ್ಸರ್ ಅಂಟಿಸ್ತಾರೆ, ಸ್ನಾಯು ಎಷ್ಟು ಬಿಗಿಯಾಗಿದೆ ಅಂತ ಸ್ಕ್ರೀನಲ್ಲಿ ಗೆರೆ ಓಡುತ್ತೆ, ನೀವು ಹಲ್ಲು ಕಚ್ಚಿದ್ರೆ ಗೆರೆ ಮೇಲಕ್ಕೆ, ದವಡೆ ಸಡಿಲ ಬಿಟ್ಟು ನಿಧಾನ ಉಸಿರಾಡಿದ್ರೆ ಕೆಳಕ್ಕೆ. ಅಭ್ಯಾಸ ಆದ್ಮೇಲೆ ಮಿಷಿನ್ ಬೇಡ. ಲೋಕಲಲ್ಲಿ ಸೀಟ್ ಸಿಕ್ಕ ದಿನ (ಡೊಂಬಿವಲಿಯವ್ರಿಗೆ ಇದು ದೊಡ್ಡ ಮಾತೇ, ಗೊತ್ತು) ಮುಷ್ಟಿ ಬಿಗಿ ಹಿಡಿದು ಬಿಡಿ, ಭುಜ ಕಿವಿ ತನಕ ಎತ್ತಿ ಬಿಡಿ, ಪಕ್ಕದವರಿಗೆ ಗೊತ್ತೂ ಆಗಲ್ಲ. ಆದ್ರೆ ದಿನಾ ಮಾಡ್ಬೇಕು, ನೋವು ಬಂದಾಗ ಮಾತ್ರ ನೆನಪಾದ್ರೆ ಉಪಯೋಗ ಇಲ್ಲ.

ಯೋಗ ಆಗುತ್ತಾ ಅಂದ್ರೆ, ಆಗುತ್ತೆ. ದಿಲ್ಲಿ ಏಮ್ಸ್‌ನವರು ಮೈಗ್ರೇನ್ ಇದ್ದೋರಲ್ಲಿ ಬರೀ ಔಷಧಿ ಒಂದ್ಕಡೆ, ಔಷಧಿ ಜೊತೆ ಯೋಗ ಇನ್ನೊಂದ್ಕಡೆ ಅಂತ ಮೂರು ತಿಂಗಳು ನೋಡಿ 2020ರಲ್ಲಿ ಪ್ರಕಟಿಸಿದ್ರು, ಯೋಗ ಮಾಡಿದೋರಿಗೆ ನೋವೂ ಕಮ್ಮಿ, ಮಾತ್ರೆನೂ ಕಮ್ಮಿ ಆಗಿತ್ತು. ‘ಔಷಧಿ ಜೊತೆ’ ಅನ್ನೋದನ್ನ ಮಾತ್ರ ವಾಟ್ಸಾಪ್ ಪಂಡಿತರು ನುಂಗಿಬಿಡ್ತಾರೆ! ಮತ್ತೆ ಒಂದು ಹಳೇ ಡೈರಿಲಿ ನೋವು, ಮಾತ್ರೆ, ನಿದ್ದೆ, ಊಟ ಬಿಟ್ಟ ದಿನ ಬರ್ದಿಡಿ, ಮುಂದಿನ ಸಲ ತಗೊಂಡು ಹೋಗಿ ತೋರ್ಸಿ.

ಪ್ರಶ್ನೆ: ನನಗೆ 57. ಎರಡು ತಿಂಗಳಿಂದ ಹೊಸದಾಗಿ ತಲೆನೋವು. ಅಕ್ಯುಪಂಕ್ಚರ್‌ನವರು ಪ್ಯಾಕೇಜ್ ತಗೊಳ್ಳಿ, ಗ್ಯಾರಂಟಿ ಗುಣ ಅಂತಾರೆ. ತಗೊಳ್ಳಲಾ?
— ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಸದ್ಯಕ್ಕೆ ಬೇಡ ಸಾರ್. ಅಕ್ಯುಪಂಕ್ಚರ್ ಬಗ್ಗೆ ನಂಗೆ ತಕರಾರಿಲ್ಲ, ಚಿಕಿತ್ಸೆಗೆ ಗೈಡ್‌ಲೈನ್ ಬರೆಯೋ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲೇ ಬಹಳ ದಿನದಿಂದ ಇರೋ ಟೆನ್ಶನ್ ತಲೆನೋವಿಗೆ 5ರಿಂದ 8 ವಾರದಲ್ಲಿ 10 ಸಲದವರೆಗೂ ಮಾಡಿಸ್ಬಹುದು ಅಂದಿದೆ, ಗ್ಯಾರಂಟಿ ಅಂತೂ ಅಂದಿಲ್ಲ. ಆದ್ರೆ ನಿಮ್ದು ಐವತ್ತು ದಾಟಿದ ಮೇಲೆ ಹೊಸದಾಗಿ ಬಂದಿರೋದು, ಸೂಜಿಗಿಂತ ಮುಂಚೆ ಕಾರಣ ಗೊತ್ತಾಗ್ಬೇಕು. ತಲೆ ಬಾಚುವಾಗ ನೆತ್ತಿ, ಕಣತಲೆ ನೋಯುತ್ತಾ, ಚಪಾತಿ ಅಗಿಯುವಾಗ ದವಡೆ ಸೋಲುತ್ತಾ ನೋಡ್ಕೊಳ್ಳಿ. ಹಾಗಿದ್ರೆ ತಲೆಯ ರಕ್ತನಾಳದ ಉರಿಯೂತ ಇರ್ಬಹುದು, ಬಿಟ್ರೆ ದೃಷ್ಟಿಗೇ ಅಪಾಯ. ಹಾಗಿದ್ರೆ ಇವತ್ತೇ, ಇಲ್ಲಾಂದ್ರೂ ಈ ವಾರದೊಳಗೆ ಫಿಸಿಶಿಯನ್ ಹತ್ರ ಹೋಗಿ, ಇಎಸ್‌ಆರ್ ಟೆಸ್ಟ್ (ಉರಿಯೂತದ ಸುಳಿವು ಕೊಡೋ ರಕ್ತಪರೀಕ್ಷೆ) ಬೇಕಾ ಅಂತ ನೀವೇ ಕೇಳಿ.