ಮೈಕ್ ಕೆಟ್ಟಿಲ್ಲ, ಕಂಪ್ಯೂಟರ್ ಬೇರೆ ಕಿವಿಯಿಂದ ಕೇಳುತ್ತಿದೆ

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಆಯಿ ಹಾಡುವ ಬೀಸುಕಲ್ಲಿನ ಪದಗಳನ್ನು ಮನೆಯ ಡೆಸ್ಕ್‌ಟಾಪಿನಲ್ಲಿ ರೆಕಾರ್ಡ್ ಮಾಡಬೇಕು. ವಿಂಡೋಸ್ 11, ರೆಕಾರ್ಡ್ ಮಾಡಲು ಅಡಾಸಿಟಿ ಎನ್ನುವ ಸಾಫ್ಟ್‌ವೇರ್, ಒಂದು ಕಾಲರ್ ಮೈಕ್ ಇದೆ. ಮೈಕನ್ನು ಸಿಪಿಯು ಹಿಂದಿನ ಪಿಂಕ್ ಜ್ಯಾಕಿಗೆ ಹಾಕಿದ್ದೇನೆ. ಧ್ವನಿ ಬರುತ್ತದೆ, ಆದರೆ ತೀರಾ ಸಣ್ಣಗೆ, ದೂರದಿಂದ ಬಂದಂತೆ. ಹಿಂದೆ ಗುಂಯ್ ಎನ್ನುವ ಸದ್ದು. ಬೀಸುವ ಸದ್ದಂತೂ ಬಂದು ಬಂದು ಮಾಯವಾಗುತ್ತದೆ. ಅದೇ ಮೈಕ್ ಫೋನಿಗೆ ಹಾಕಿದರೆ ಸ್ವಚ್ಛವಾಗಿದೆ. ಹೊಸ ಮೈಕ್ ಕೊಳ್ಳಬೇಕಾ?

ಉತ್ತರ:

ಕೊಳ್ಳಬೇಡಿ. ಫೋನಿನಲ್ಲಿ ಸ್ವಚ್ಛ ಎಂದ ಮೇಲೆ ಮೈಕ್ ಚಲೋ ಇದೆ. ನನ್ನ ಅಂದಾಜು ಹೇಳಲಾ? ನೀವು ಇಲ್ಲಿವರೆಗೆ ಕೇಳಿದ್ದು ಆ ಮೈಕಿನ ಧ್ವನಿಯೇ ಅಲ್ಲ. ಮಾನಿಟರ್ ಮೇಲೆ ವೆಬ್‌ಕ್ಯಾಮ್ ಕೂತಿದೆಯಾ ನೋಡಿ. ಇದ್ದರೆ ಕಂಪ್ಯೂಟರ್ ಅದರೊಳಗಿನ ಪುಟ್ಟ ಮೈಕಿನಿಂದ ಕೇಳುತ್ತಿದೆ. ಆಯಿ ಕೆಳಗೆ ಬೀಸುಕಲ್ಲಿನ ಹತ್ತಿರ, ವೆಬ್‌ಕ್ಯಾಮ್ ಆರೇಳು ಅಡಿ ಆಚೆ ಮೇಜಿನ ಮೇಲೆ. ದೂರದಿಂದ ಬಂದಂತೆ ಕೇಳದೆ ಇನ್ನೇನು?

ಇಷ್ಟು ಧೈರ್ಯವಾಗಿ ಹೇಳಲು ಕಾರಣ, ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು. ಮುಧೋಳದಲ್ಲಿದ್ದೇನೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಪಾಠ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಒಂದು ದಿನ ಪಾಠದ ಮಧ್ಯೆ ಮೈಕಿನ ವೈರು ಕುರ್ಚಿಯ ಗಾಲಿಗೆ ಸಿಕ್ಕು ಕಿತ್ತು ಬಂತು. ಪಿನ್ನು ನನ್ನ ಕೈಯಲ್ಲಿದೆ, ಪರದೆಯ ಮೇಲೆ ಅಲೆ ಮಾತ್ರ ಹಾಗೇ ಕುಣಿಯುತ್ತಿದೆ! ಎರಡು ತಿಂಗಳು ಅಂಗಿಗೆ ಮೈಕ್ ಸಿಕ್ಕಿಸಿಕೊಂಡು ಟಿವಿಯವರ ಹಾಗೆ ಕೂತಿದ್ದೆ. ರೆಕಾರ್ಡ್ ಆಗುತ್ತಿದ್ದದ್ದು ಪೂರ್ತಿ ವೆಬ್‌ಕ್ಯಾಮಿನಿಂದ. ಅಪ್ಪ ಮೊದಲ ದಿನವೇ ಹೇಳಿದ್ದರು, "ಬಾವ್ಯಾಗ ಕುಂತು ಮಾತಾಡಿದಂಗ ಕೇಳ್ತೈತಲೋ" ಅಂತ. ನಿಮ್ಮ ಫೋನಿನ ಸ್ಪೀಕರ್ ಸರಿಯಿಲ್ಲ ಎಂದು ಅವರ ಬಾಯಿ ಮುಚ್ಚಿಸಿದ್ದೆ.

ಹಾಗಾಗಿ ಸೆಟ್ಟಿಂಗ್ ಮುಟ್ಟುವ ಮೊದಲು ಉಗುರಿನ ಪರೀಕ್ಷೆ ಮಾಡಿ. ಅಡಾಸಿಟಿಯಲ್ಲಿ ರೆಕಾರ್ಡ್ ಒತ್ತಿ. ಕಾಲರ್ ಮೈಕಿನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ವೆಬ್‌ಕ್ಯಾಮಿನ ಮುಖ ಕೆರೆಯಿರಿ. ಯಾವುದನ್ನು ಕೆರೆದಾಗ ಅಲೆ ಎದ್ದು ಖರ್ ಖರ್ ಎನ್ನುತ್ತದೋ, ಕಂಪ್ಯೂಟರಿನ ಕಿವಿ ಅದೇ. ಚಪ್ಪಾಳೆ ತಟ್ಟಿ ನೋಡಬೇಡಿ. ಚಪ್ಪಾಳೆ ಕೋಣೆಯಲ್ಲಿರುವ ಎಲ್ಲ ಮೈಕಿಗೂ ಕೇಳುತ್ತದೆ, ಏನೂ ಗೊತ್ತಾಗುವುದಿಲ್ಲ.

ಪಿಂಕ್ ಜ್ಯಾಕಿಗೆ ಸರಿಯಾಗೇ ಹಾಕಿದ್ದೇನಲ್ಲ ಅಂತೀರಿ. ಈಗ ಪಿನ್ನನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಅದರ ಮೇಲೆ ಕಪ್ಪು ಗೆರೆ ಎಷ್ಟಿವೆ? ಎರಡಿದ್ದರೆ ಪಿನ್ನಿನಲ್ಲಿ ಮೂರು ಭಾಗ, ಮೂರಿದ್ದರೆ ನಾಲ್ಕು ಭಾಗ. ಫೋನಿಗೆಂದೇ ಮಾಡಿದ ಮೈಕಿನಲ್ಲಿ ಸಾಮಾನ್ಯವಾಗಿ ಮೂರು ಗೆರೆ ಇರುತ್ತವೆ. ಎರಡೂ ಬಗೆಯವು 3.5 ಮಿ.ಮೀ. ದಪ್ಪ, ಎರಡೂ ಸಲೀಸಾಗಿ ಒಳಗೆ ಹೋಗುತ್ತವೆ. ಗೋಳು ಇರುವುದೇ ಅಲ್ಲಿ. ಫೋನಿನ ಪಿನ್ನಿನಲ್ಲಿ ಮೈಕಿನ ತಂತಿ ಬುಡದ ಭಾಗಕ್ಕೆ ಬಂದಿರುತ್ತದೆ. ಪಿಂಕ್ ಜ್ಯಾಕು ಮೈಕನ್ನು ಹುಡುಕುವುದು ತುದಿಯಲ್ಲಿ. ಬುಡದ ಜಾಗ ಅದರ ಲೆಕ್ಕದಲ್ಲಿ ಗ್ರೌಂಡ್, ಅಂದರೆ ಕರೆಂಟು ವಾಪಸು ಹೋಗುವ ದಾರಿ, ಅಲ್ಲಿ ಧ್ವನಿಯನ್ನು ಅದು ಹುಡುಕುವುದೇ ಇಲ್ಲ. ಅಂದರೆ ಆಯಿಯ ಹಾಡು ನೇರವಾಗಿ ಗ್ರೌಂಡಿಗೆ ಹೋಗಿ ಸೇರುತ್ತದೆ. ಆ ಕಡೆ ವೆಬ್‌ಕ್ಯಾಮ್ ಪುಕ್ಕಟೆ ಕೆಲಸ ಮಾಡುತ್ತಿರುತ್ತದೆ.

ಪರಿಹಾರ ಒಂದು ಸಣ್ಣ ಸ್ಪ್ಲಿಟರ್. ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ, ಅಂಥ ದುಬಾರಿಯೇನಲ್ಲ. ಆದರೆ ಕೊಳ್ಳುವಾಗ ಕಣ್ಣು ಬಿಟ್ಟು ನೋಡಿ. ನಿಮಗೆ ಬೇಕಾದದ್ದು ಒಂದು ಕಡೆ ಒಂದೇ ತೂತು, ಇನ್ನೊಂದು ಕಡೆ ಎರಡು ಪಿನ್ ಇರುವಂಥದ್ದು. ಎರಡು ತೂತು, ಒಂದು ಪಿನ್ ಇರುವುದು ಇದರ ಉಲ್ಟಾ. ನಾನು ಮೊದಲು ತಂದದ್ದು ಆ ಉಲ್ಟಾನೇ. ಬದಲಿಸಿಕೊಡಿ ಎಂದು ಹೋದರೆ ಅಂಗಡಿಯ ಹುಡುಗ ನಗುತ್ತಾ, "ನೀವ ಮೂರನೇಯವ್ರ ಬಿಡ್ರಿ ಸರ ಈ ವಾರದಾಗ" ಎಂದ. ಎರಡು ಪಿನ್ನಿನಲ್ಲಿ ಮೈಕಿನ ಚಿತ್ರ ಇರುವುದನ್ನು ಪಿಂಕ್ ಜ್ಯಾಕಿಗೆ ಹಾಕಿ. ಪಕ್ಕದ ನೀಲಿ ಜ್ಯಾಕಿಗೆ ಬೇಡ. ಕಾಲರ್ ಮೈಕಿಗೆ ನಡೆಯಲು ಒಂದಿಷ್ಟು ವೋಲ್ಟೇಜ್ ಬೇಕು. ಅದನ್ನು ಪಿಂಕ್ ಜ್ಯಾಕು ಕೊಡುತ್ತದೆ, ನೀಲಿ ಕೊಡುವುದಿಲ್ಲ. ಇನ್ನು ನಿಮ್ಮ ಮೈಕಿನ ವೈರಿನ ನಡುವೆ ಸ್ವಿಚ್ಚಿನ ಪುಟ್ಟ ಡಬ್ಬಿ ಇದ್ದರೆ ಅದನ್ನೂ ನೋಡಿ. ಕೆಲವುಗಳಲ್ಲಿ ಕ್ಯಾಮೆರಾಕ್ಕೆ ಒಂದು ಕಡೆ, ಫೋನಿಗೆ ಒಂದು ಕಡೆ ಇರುತ್ತದೆ. ಒಳಗೆ ಎಲ್‌ಆರ್44 ಗುಂಡಿ ಸೆಲ್ಲು ಇರುತ್ತದೆ. ಕ್ಯಾಮೆರಾ ಕಡೆ ಇದ್ದು ಸೆಲ್ ಮುಗಿದಿದ್ದರೆ ಧ್ವನಿ ಬರುವುದಿಲ್ಲ.

ಸ್ಪ್ಲಿಟರ್ ಹಾಕಿದ ಮೇಲೆ ಅಡಾಸಿಟಿಗೆ ತಿಳಿಸಬೇಕು. ತಾನು ತೆರೆದಾಗ ಯಾವ ಮೈಕ್ ಇದ್ದವೋ ಅವನ್ನೇ ಅದು ನೆನಪಿಟ್ಟುಕೊಂಡಿರುತ್ತದೆ. ಮೇಲಿನ ಆಡಿಯೊ ಸೆಟಪ್ ಒತ್ತಿ ರೀಸ್ಕ್ಯಾನ್ ಕೊಡಿ. ಅಲ್ಲೇ ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ವೆಬ್‌ಕ್ಯಾಮ್ ಬಿಟ್ಟು ಇನ್ನೊಂದನ್ನು ಆರಿಸಿ. ಇಲ್ಲೊಂದು ಕಿರಿಕಿರಿ ಇದೆ. ಹೋಸ್ಟ್ ಎನ್ನುವಲ್ಲಿ (ಅಡಾಸಿಟಿ ವಿಂಡೋಸಿನಿಂದ ಧ್ವನಿ ಪಡೆಯುವ ದಾರಿ ಅದು) ಎಂಎಂಇ (MME) ಇದ್ದರೆ ಮೈಕಿನ ಹೆಸರು 31 ಅಕ್ಷರಕ್ಕೆ ಕತ್ತರಿಸಿ ಕಾಣುತ್ತದೆ. ಎಲ್ಲವೂ ಮೈಕ್ರೊಫೋನ್ ಅಂತಲೇ ಶುರುವಾಗುವುದರಿಂದ ಯಾವುದು ಯಾವುದೋ ತಿಳಿಯುವುದಿಲ್ಲ. ಹೋಸ್ಟನ್ನು ವಾಸಾಪಿಗೆ (WASAPI) ಬದಲಿಸಿದರೆ ಪೂರ್ತಿ ಹೆಸರು ಕಾಣುತ್ತದೆ. ಸ್ಟೀರಿಯೊ ಮಿಕ್ಸ್ ಎಂದು ಕಂಡರೆ ಅದನ್ನು ಆರಿಸಬೇಡಿ. ಅದು ಕಂಪ್ಯೂಟರ್ ತಾನೇ ನುಡಿಸುವುದನ್ನು ರೆಕಾರ್ಡ್ ಮಾಡುತ್ತದೆ. ಚಾನೆಲ್ ಮೋನೊ ಇಡಿ, ಇರುವುದು ಒಂದೇ ಮೈಕ್ ಅಲ್ವಾ. ಇಷ್ಟೂ ಆದ ಮೇಲೆ ಮತ್ತೆ ಉಗುರಿನ ಪರೀಕ್ಷೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಅಲೆಯೇ ಏಳದೆ ಗೆರೆ ನೆಟ್ಟಗೆ ಮಲಗಿದ್ದರೆ ಮೊದಲು ವಿಂಡೋಸ್ ಸೆಟ್ಟಿಂಗ್ಸಿನ ಪ್ರೈವಸಿಯಲ್ಲಿ ಮೈಕ್ರೊಫೋನ್ ತೆರೆದು ನೋಡಿ. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಬಳಸಲು ಬಿಡುವ ಒಂದು ಗುಂಡಿ ಪುಟದ ಕೆಳಗಡೆ ಇದೆ. ಅದು ಆಫ್ ಆಗಿದ್ದರೆ ಅಡಾಸಿಟಿಗೆ ಮೌನವೇ ಸಿಗುತ್ತದೆ. ನಿಮಗೆ ಇದು ಬೇಕಿಲ್ಲ. ವೆಬ್‌ಕ್ಯಾಮಿನ ಧ್ವನಿ ಬರುತ್ತಿದೆ ಎಂದರೆ ಪರವಾನಗಿ ಇದ್ದೇ ಇದೆ.

ಈಗ ಗುಂಯ್. ಅದರಲ್ಲಿ ಎರಡು ಜಾತಿ. ಒಂದು ಗಾಳಿಯಲ್ಲಿ ಬರುವುದು: ಫ್ಯಾನು, ಸಿಪಿಯು ಒಳಗಿನ ಫ್ಯಾನು, ಅಡುಗೆಮನೆಯ ಫ್ರಿಜ್ಜು. ಸಿಪಿಯು ಒಳಗಿನದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಬಂದ್ ಮಾಡಿ ಕೇಳಿದರೆ ಕಳ್ಳ ಸಿಗುತ್ತಾನೆ. ಈಗ ನಿಮಗೆ ಕೇಳುತ್ತಿರುವುದು ಇದೇ ಇರಬೇಕು, ವೆಬ್‌ಕ್ಯಾಮಿನ ಕಾಲ ಬುಡದಲ್ಲೇ ಸಿಪಿಯು ಇರುತ್ತದಲ್ಲ. ಮೈಕ್ ಬಾಯಿಯ ಹತ್ತಿರ ಬಂದರೆ ಅರ್ಧ ತಾನೇ ಕಡಿಮೆಯಾಗುತ್ತದೆ. ಇನ್ನೊಂದು ಜಾತಿ ವೈರಿನಲ್ಲಿ ಬರುವುದು. ಎಲ್ಲ ಫ್ಯಾನು ಆರಿಸಿದರೂ, ಮೈಕಿಗೆ ಬಟ್ಟೆ ಸುತ್ತಿದರೂ ಅದು ಹೋಗುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು. ಆ 50, ಅದರ ಎರಡರಷ್ಟು 100, ಇವೇ ಮೈಕಿನ ತಂತಿಯಲ್ಲಿ ನುಸುಳಿ ದುಂಬಿ ಹಾಗೆ ಗುಂಯ್‌ಗುಡುತ್ತವೆ. ಕಾಲರ್ ಮೈಕನ್ನು ಸರಿಯಾಗಿ ಜೋಡಿಸಿದ ಮೇಲೆ ಇದು ನಿಮಗೆ ಹೊಸದಾಗಿ ಕಾಣಿಸಿಕೊಳ್ಳಬಹುದು, ಗಾಬರಿ ಬೀಳಬೇಡಿ.

ನಮ್ಮ ಮನೆಯಲ್ಲಿ ಇದು ಬೇಸಿಗೆಯಲ್ಲಿ ಬರುತ್ತಿತ್ತು, ಮಳೆ ಬಿದ್ದ ಮೇಲೆ ಹೋಗುತ್ತಿತ್ತು. ವರ್ಷಗಟ್ಟಲೆ ಕಂಪ್ಯೂಟರಿಗೆ ಸೆಕೆ ಆಗುತ್ತದೆ ಅಂದುಕೊಂಡಿದ್ದೆ. ಕಡೆಗೆ ಬೇರೆ ಕೆಲಸಕ್ಕೆ ಬಂದ ವೈರ್‌ಮನ್ ಹಿತ್ತಲಿನ ಅರ್ಥಿಂಗ್ ಗುಂಡಿಯ ಕಡೆ ಕೈ ತೋರಿಸಿದ. ಎರೆಮಣ್ಣು ಬಿರಿದು ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದು. "ಭೂಮಿ ಒಣಗೇತ್ರಿ ಸರ, ಅರ್ಥ್ ಎಲ್ಲಿಂದ ಸಿಗಬೇಕು? ನಾಕ್ ಕೊಡ ನೀರ ಹಾಕ್ರಿ" ಎಂದ. ಆ ಗುಂಡಿಗೆ ಇದ್ದಿಲು ಹಾಕುವುದು ತೇವ ಹಿಡಿಯಲಿ ಅಂತ, ಉಪ್ಪು ಹಾಕುವುದು ಕರೆಂಟು ಸುಲಭವಾಗಿ ಹರಿಯಲಿ ಅಂತ. ತೇವವೇ ಇಲ್ಲದಿದ್ದರೆ ಎರಡೂ ದಂಡ. ನೀರು ಹಾಕಿದ ಸಂಜೆಯೇ ಗುಂಯ್ ಬಹಳ ಇಳಿಯಿತು. ನಿಮ್ಮ ಕಡೆಯೂ ಎರೆಭೂಮಿ ಜಾಸ್ತಿ, ಒಮ್ಮೆ ಹಿತ್ತಲಿಗೆ ಹೋಗಿ ನೋಡಿ. ಸಿಪಿಯು ಡಬ್ಬಿ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಮಾತ್ರ ರೆಕಾರ್ಡಿಂಗ್ ಬದಿಗಿಟ್ಟು ವೈರ್‌ಮನ್ ಕರೆಸಿ. ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕಿದರೆ ಗುಂಯ್ ಹೋಗುತ್ತದೆ ಎನ್ನುವವರೂ ಇದ್ದಾರೆ. ಹೋಗಬಹುದು, ಅದರ ಹಿಂದೆ ಜೀವವೂ ಹೋಗಬಹುದು. ದಯವಿಟ್ಟು ಆ ಕೆಲಸ ಮಾಡಬೇಡಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗಲೂ ರೆಕಾರ್ಡ್ ಬೇಡ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರಂತೂ ಗುಂಯ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಬೀಸುವ ಸದ್ದು ಬಂದು ಬಂದು ಮಾಯವಾಗುತ್ತದೆ ಅಂದಿರಲ್ಲ, ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅದು. ಅದು ಮೈಕಿನ ದೋಷವಲ್ಲ, ಕಂಪ್ಯೂಟರಿನ ಅತಿ ಬುದ್ಧಿವಂತಿಕೆ. ಮೀಟಿಂಗ್ ಮಾಡುವವರಿಗೆ ಅನುಕೂಲವಾಗಲಿ ಎಂದು ಮೈಕಿನ ಧ್ವನಿಯನ್ನು ಸೋಸುವ ಏರ್ಪಾಡು ಅದರಲ್ಲಿರುತ್ತದೆ. ಅದಕ್ಕೆ ಗೊತ್ತಿರುವುದು ಇಷ್ಟೇ: ಏರಿಳಿಯುವುದು ಮಾತು, ಒಂದೇ ಸಮ ಬರುವುದು ಗದ್ದಲ. ಬೀಸುಕಲ್ಲಿನ ಘರ ಘರ ಒಂದೇ ಸಮ ಬರುತ್ತದೆ, ಹಾಗಾಗಿ ಫ್ಯಾನ್ ಎಂದುಕೊಂಡು ಅಳಿಸಿಬಿಡುತ್ತದೆ. ಆಯಿ ಒಂದು ಸಾಲು ಮುಗಿಸಿ ಎಳೆದು ನಿಲ್ಲಿಸುವ ಸ್ವರವೂ ಹೀಗೇ ಕರಗಿ ಹೋಗುತ್ತದೆ. ಏಕತಾರಿ ಹಿಡಿದು ತತ್ವಪದ ಹಾಡುವವರಿಗೂ ಇದೇ ಕಾಟ, ತಂತಿಯ ನಾದವೇ ಸಿಗುವುದಿಲ್ಲ. ಸೆಟ್ಟಿಂಗ್ಸಿನ ಸಿಸ್ಟಂ, ಅದರಲ್ಲಿ ಸೌಂಡ್, ಅಲ್ಲಿ ನಿಮ್ಮ ಮೈಕಿನ ಹೆಸರು ಒತ್ತಿದರೆ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಎಂದಿರುತ್ತದೆ. ಆಫ್ ಮಾಡಿ. ಸೌಂಡ್ ಕಾರ್ಡಿನದೇ ಬೇರೆ ಆ್ಯಪ್ ಇದ್ದರೆ ಅದರಲ್ಲೂ ನಾಯ್ಸ್ ಸಪ್ರೆಶನ್, ಎಕೋ ಕ್ಯಾನ್ಸಲೇಶನ್ ಎರಡನ್ನೂ ತೆಗೆಯಿರಿ. ಇದೇ ಕಾರಣಕ್ಕೆ ರೆಕಾರ್ಡ್ ಆದ ಮೇಲೆ ಅಡಾಸಿಟಿಯ ನಾಯ್ಸ್ ರಿಡಕ್ಷನ್ನನ್ನೂ ಈ ಹಾಡುಗಳ ಮೇಲೆ ಓಡಿಸಬೇಡಿ. ಪದ ಉಳಿದು ಕಲ್ಲು ಹೋದರೆ ಅದು ಬೀಸುಕಲ್ಲಿನ ಪದ ಹೇಗಾಗುತ್ತದೆ?

ಲೆವೆಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆಯಿ ದೊಡ್ಡ ದನಿಯಲ್ಲಿ ಹಾಡಿದಾಗ ಮೀಟರು ಮೈನಸ್ 12ರಿಂದ ಮೈನಸ್ 6ರ ನಡುವೆ ಆಡಿದರೆ ಸಾಕು. ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ, ಅದನ್ನು ಆಮೇಲೆ ಸರಿ ಮಾಡಲಾಗುವುದಿಲ್ಲ. ಸಣ್ಣಗೆ ಬಂದರೆ ವಿಂಡೋಸಿನಲ್ಲಿ ಮೈಕಿನ ಧ್ವನಿ ಎತ್ತುವ ಮೈಕ್ ಬೂಸ್ಟ್ ಅನ್ನು 10 ಡೆಸಿಬೆಲ್ ಏರಿಸಿ ನೋಡಿ, ಒಮ್ಮೆಲೇ 30ಕ್ಕೆ ಹಾರಬೇಡಿ. ಬೂಸ್ಟ್ ಹಾಡನ್ನೂ ಎತ್ತುತ್ತದೆ, ಗುಂಯ್ಯನ್ನೂ ಎತ್ತುತ್ತದೆ.

ಮೈಕನ್ನು ಆಯಿಯ ಸೆರಗಿಗೆ ಸಿಕ್ಕಿಸಬೇಡಿ. ಕಲ್ಲು ತಿರುಗಿಸುವಾಗ ಸೆರಗು ಉಜ್ಜುತ್ತದೆ, ಬಳೆಯ ಸದ್ದು ಹಾಡಿಗಿಂತ ಜೋರಾಗಿ ಬರುತ್ತದೆ. ಒಂದು ಸ್ಟೂಲ್ ಇಟ್ಟು ಅದರ ಮೇಲೆ ಮಡಚಿದ ಕೌದಿ ಹಾಸಿ, ಬಾಯಿಯಿಂದ ಒಂದು ಅಡಿ ದೂರದಲ್ಲಿ ಮೈಕ್ ನಿಲ್ಲಿಸಿ. ಕೌದಿ ಸುಮ್ನೆ ಹೇಳಿದ್ದಲ್ಲ. ಕಲ್ಲಿನ ನಡುಕ ಪರಸಿಯ ಮೂಲಕ ಸ್ಟೂಲಿಗೆ ಹತ್ತುತ್ತದೆ, ಅದನ್ನು ಕೌದಿ ತಡೆಯುತ್ತದೆ. ಇನ್ನೆರಡು ಕೌದಿ ಇದ್ದರೆ ಎದುರಿನ ಗೋಡೆಗೆ ಇಳಿಬಿಡಿ, ಕೋಣೆಯ ಗುಂಗು ಕಡಿಮೆಯಾಗುತ್ತದೆ. ಕಲ್ಲಿಗೆ ನಿಜವಾಗಿ ಜೋಳ ಹಾಕಿ ಬೀಸಲಿ. ಕಾಳಿಲ್ಲದೆ ತಿರುಗಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಕಿವಿ ಚುಚ್ಚುತ್ತದೆ. ಹೊತ್ತು ಅಂದರೆ ನಸುಕು. ಹೆಂಗಸರು ಮೊದಲಿನಿಂದಲೂ ಬೀಸುತ್ತಿದ್ದದ್ದು ಆಗಲೇ, ಬೀದಿಯಲ್ಲಿ ಗಾಡಿಗಳೂ ಇರುವುದಿಲ್ಲ.

ನಿಮ್ಮ ಜಿಲ್ಲೆಯವರೇ ಆದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಇಂಥ ಹಾಡುಗಳನ್ನು ಕಾಗದದ ಮೇಲೆ ಬರೆದು ಉಳಿಸಿದರು. ಕಲ್ಲಿನ ಸದ್ದು ಕಾಗದಕ್ಕೆ ಬರುವಂಥದ್ದಲ್ಲ. ನಿಮಗೆ ಅದೂ ಸಿಗುತ್ತದೆ, ಆದ್ದರಿಂದ ಎಂಪಿ3 ಮಾಡಿ ಹಿಂಡದೆ ವೇವ್ ಫೈಲ್ ಆಗಿಯೇ ಎರಡು ಕಡೆ ಇಟ್ಟುಕೊಳ್ಳಿ.

ಸ್ಪ್ಲಿಟರ್ ಸಿಗುವುದು ತಡವಾದರೆ, ಆಯಿ ಹಾಡುವ ಹುರುಪಿನಲ್ಲಿದ್ದರೆ, ಕಂಪ್ಯೂಟರಿಗಾಗಿ ಕಾಯಿಸಬೇಡಿ. ಅದೇ ಮೈಕ್ ಫೋನಿಗೆ ಹಾಕಿ ರೆಕಾರ್ಡ್ ಮಾಡಿ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಫೋನನ್ನು ಮಾತ್ರ ಏರೋಪ್ಲೇನ್ ಮೋಡಿನಲ್ಲಿಡಿ.

ಪಿನ್ನಿನ ಮೇಲೆ ಎರಡೇ ಗೆರೆ ಕಂಡರೆ ನನ್ನ ಅಂದಾಜು ತಪ್ಪಿದಂತೆ. ಆಗ ಉಗುರಿನ ಪರೀಕ್ಷೆಯಲ್ಲಿ ಏನಾಯಿತು, ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ಏನೇನು ಹೆಸರಿವೆ, ಎರಡನ್ನೂ ಕೆಳಗೆ ಬರೆಯಿರಿ. ಸಂಜೆ ಪಾಠ ಮುಗಿಸಿ ನೋಡುತ್ತೇನೆ.